ತವರಿಗೆ ಬಂದ ಮಗಳು: ಮನೆಮಂದಿಯ ಪತ್ತೆದಾರಿ ಕಾದಂಬರಿ ಮತ್ತು ನಮ್ಮ ಸೀಮೆ

(ಇಂಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಅಂದಮೇಲೆ ವಚನ, ಜನಪದ, ನವೋದಯ ಇವುಗಳ ಸುತ್ತಲೇ ಮಾತು ನಡೆಯಬೇಕು ಎನ್ನುವುದು ವಾಡಿಕೆ. ಪತ್ತೆದಾರಿ ಕಾದಂಬರಿಯ ಮೇಲೆ ಮಾತಾಡುತ್ತೇನೆ ಎಂದಾಗ ಸಂಘಟಕರು ಒಂದು ಗಳಿಗೆ ಸುಮ್ಮನಾದರು. ಆಮೇಲೆ, "ಆಗ್ಲಿ ಸರ, ಆದ್ರ ಭೀಮಾ ತೀರದ ವಿಷಯ ಒಂದ್ ತಗೀಬ್ಯಾಡ್ರಿ" ಎಂದರು. ಅವರ ಕ್ಷಮೆ ಕೇಳಿ ಅಲ್ಲಿಂದಲೇ ಶುರು ಮಾಡುತ್ತೇನೆ. ಯಾಕಂದರೆ ನನ್ನ ಮಾತಿನ ಗಂಟು ಬಿದ್ದಿರುವುದೇ ಅಲ್ಲಿ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಿಮ್ಮೂರು ಯಾವುದು ಎಂದು ಕೇಳಿದವರಿಗೆ ಇಂಡಿ ಅಥವಾ ಸಿಂದಗಿ ಎಂದು ಹೇಳಿ ನೋಡಿ. ಎದುರಿನವರ ಬಾಯಲ್ಲಿ ಒಂದೇ ಮಾತು: "ಓ, ಭೀಮಾ ತೀರದ ಹಂತಕರು!" ಪತ್ರಿಕೆಗಳು ವರ್ಷಗಟ್ಟಲೆ ಅಚ್ಚು ಹಾಕಿ ಈ ಪದಗುಚ್ಛವನ್ನು ನಮ್ಮ ಪಿನ್‌ಕೋಡಿನಂತೆ ಅಂಟಿಸಿಬಿಟ್ಟಿವೆ. 2012ರಲ್ಲಿ 'ಭೀಮಾ ತೀರದಲ್ಲಿ' ಎಂಬ ಸಿನಿಮಾವೂ ಬಂತು. ಆ ಬಗೆಯ ಕತೆಗಳಲ್ಲಿ ನಾಡಪಿಸ್ತೂಲು ಇದೆ, ಹಗೆತನ ಇದೆ, ಹೊಲದ ಬದುವಿನ ಮೇಲೆ ಹೆಣ ಇದೆ. ಹೆಂಗಸರು ಇರುವುದು ಅಳುವುದಕ್ಕೆ ಮಾತ್ರ. ಅಡಿಗೆಮನೆ ಇಲ್ಲವೇ ಇಲ್ಲ. ಸತ್ತವನು ಆ ದಿನ ಯಾರ ಮನೆಯಲ್ಲಿ ಉಂಡ, ಯಾರು ಬುತ್ತಿ ಕಟ್ಟಿಕೊಟ್ಟರು, ಬುತ್ತಿಯಲ್ಲಿ ಎಷ್ಟು ರೊಟ್ಟಿ ಉಳಿದಿದ್ದವು ಎಂದು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಗಳನ್ನು ಕೇಳುವ ಒಂದು ಸಾಹಿತ್ಯ ಪ್ರಕಾರವೇ ಜಗತ್ತಿನಲ್ಲಿ ಇದೆ. ಅದು ನಮ್ಮ ಸೀಮೆಗೆ ಹೇಳಿ ಮಾಡಿಸಿದ್ದು. ಆದರೂ ಇಲ್ಲಿ ಇನ್ನೂ ಹುಟ್ಟಿಲ್ಲ.

ಇಂಗ್ಲಿಷಿನಲ್ಲಿ ಅದನ್ನು ಕೋಜಿ ಮಿಸ್ಟರಿ ಎನ್ನುತ್ತಾರೆ. ನಾನು ಮನೆಮಂದಿಯ ಪತ್ತೆದಾರಿ ಎಂದು ಕರೆಯುತ್ತೇನೆ, ನಿಮಗೆ ಬೇರೆ ಹೆಸರು ತೋಚಿದರೆ ಅದೇ ಇರಲಿ. ಸಣ್ಣ ಊರು, ಒಬ್ಬರಿಗೊಬ್ಬರು ಗೊತ್ತಿರುವ ಜನ. ಕೊಲೆ ನಡೆಯುತ್ತದೆ, ಆದರೆ ರಕ್ತ ಪುಟದ ತುಂಬ ಹರಿಯುವುದಿಲ್ಲ. ಪತ್ತೆ ಮಾಡುವವರು ಪೊಲೀಸರಲ್ಲ, ಊರಿನ ಸಾಮಾನ್ಯ ಮನುಷ್ಯರು, ಹೆಚ್ಚಿನ ಸಲ ಹೆಣ್ಣುಮಕ್ಕಳು. ಅಗಾಥಾ ಕ್ರಿಸ್ಟಿ 1930ರಲ್ಲಿ ಮಿಸ್ ಮಾರ್ಪಲ್ ಎಂಬ ಮುದುಕಿಯನ್ನು ಕಾದಂಬರಿಗೆ ತಂದು ಈ ದಾರಿಯನ್ನು ಗಟ್ಟಿ ಮಾಡಿದರು. ಮಾರ್ಪಲ್ ಅಜ್ಜಿ ಹೆಣಿಗೆ ಹಾಕುತ್ತ ಕೂತು, ಇಡೀ ಸೇಂಟ್ ಮೇರಿ ಮೀಡ್ ಎಂಬ ಹಳ್ಳಿಯ ಬಂಡವಾಳ ತಿಳಿದುಕೊಂಡಿರುತ್ತಾಳೆ. ಆಕೆ ಮದುವೆಯಾಗದವಳು, ಒಂಟಿ. ಸುತ್ತ ಜನ ಇದ್ದರೂ ಮನೆ ಖಾಲಿ. ಹೀಗಾಗಿ ಓದುವಾಗ ನಮಗೆ ಆ ಅಜ್ಜಿ ಬೇರೆ ಲೋಕದವಳು ಅನಿಸುತ್ತಾಳೆ.

ಈಚೆಗೆ ಬಂದ ಒಂದು ಮಾಲಿಕೆ ಹಾಗಲ್ಲ. ಶಿಕಾಗೋದ ಮಿಯಾ ಮನನ್ಸಾಲಾ ಎಂಬ ಲೇಖಕಿ ಬರೆದದ್ದು. ಫಿಲಿಪ್ಪೀನ್ಸ್ ಮೂಲದ ಅಮೆರಿಕನ್ ಕುಟುಂಬದವರು. 2021ರಲ್ಲಿ ಮೊದಲ ಕಾದಂಬರಿ 'ಆರ್ಸೆನಿಕ್ ಆ್ಯಂಡ್ ಅಡೋಬೊ' ಬಂತು. ಆರ್ಸೆನಿಕ್ ಅಂದರೆ ಪಾಷಾಣ. ಅಡೋಬೊ ಅಂದರೆ ಸಿರ್ಕಾ, ಸೋಯಾ ಸಾಸ್, ಬೆಳ್ಳುಳ್ಳಿ, ಮೆಣಸು ಹಾಕಿ ಬೇಯಿಸುವ ಮಾಂಸದ ಅಡಿಗೆ, ಫಿಲಿಪ್ಪೀನ್ಸಿನ ಮನೆಮನೆಯದು. ಆ ಪುಸ್ತಕಕ್ಕೆ ಮೊದಲ ಕಾದಂಬರಿಗೆ ಕೊಡುವ ಅಗಾಥಾ, ಆಂಥನಿ, ಮಕಾವಿಟಿ ಪ್ರಶಸ್ತಿಗಳು ಬಂದವು. ಆಮೇಲೆ ಒಂದರ ಹಿಂದೊಂದು ಕಾದಂಬರಿಗಳು. ಪ್ರತಿಯೊಂದರ ಹೆಸರಿನಲ್ಲೂ ಅಪರಾಧದ ನೆರಳಿನ ಒಂದು ಪದ, ಒಂದು ತಿನಿಸು. ಕೊನೆಯ ಪುಟಗಳಲ್ಲಿ ಅಡಿಗೆ ಮಾಡುವ ವಿಧಾನ. ಕೊಲೆಗಾರ ಸಿಕ್ಕಮೇಲೆ ಓದುಗರು ಒಲೆ ಹಚ್ಚಬಹುದು.

ಕತೆಯ ನಾಯಕಿ ಲೈಲಾ ಮಕಪಗಾಲ್. ನಿಶ್ಚಯವಾಗಿದ್ದ ಮದುವೆ ಮುರಿದು, ದೊಡ್ಡ ಊರು ಬಿಟ್ಟು, ಇಲಿನಾಯ್ ರಾಜ್ಯದ ಶೇಡಿ ಪಾಮ್ಸ್ ಎಂಬ ಸಣ್ಣ ಊರಿಗೆ ವಾಪಸಾಗುತ್ತಾಳೆ. ಊರು ಲೇಖಕಿಯ ಕಲ್ಪನೆಯದು. ತಾಯಿ ತಂದೆ ತೀರಿಕೊಂಡಿದ್ದಾರೆ. ಸಾಕಿದವರು ಅತ್ತೆ ರೋಸಿ ಮತ್ತು ಅಜ್ಜಿ ಫ್ಲೋರ್. ಅತ್ತೆಯ ಖಾನಾವಳಿ ನಷ್ಟದಲ್ಲಿದೆ. ಲೈಲಾಳ ಹಳೆಯ ಗೆಳೆಯ ಈಗ ಹೋಟೆಲುಗಳ ಬಗ್ಗೆ ಪತ್ರಿಕೆಗೆ ಬರೆಯುವವನಾಗಿದ್ದಾನೆ. ಅವನು ಈ ಖಾನಾವಳಿಗೇ ಬಂದು, ಉಣ್ಣುತ್ತ ಕೂತಲ್ಲೇ ಕುಸಿಯುತ್ತಾನೆ. ಅನುಮಾನ ಲೈಲಾಳ ಮೇಲೆ. ಖಾನಾವಳಿಗೆ ಬೀಗ.

ಇಷ್ಟೇ ಆಗಿದ್ದರೆ ನಾನು ಇದನ್ನು ಇಂಡಿಯಲ್ಲಿ ಹೇಳಬೇಕಾಗಿರಲಿಲ್ಲ. ನನ್ನನ್ನು ಹಿಡಿದದ್ದು ಆ ಮನೆ. ಎಪ್ರಿಲ್, ಮೇ, ಜೂನ್ ಎಂಬ ಮೂವರು ದೊಡ್ಡವ್ವಂದಿರಿದ್ದಾರೆ, ಕ್ರೈಸ್ತ ದೀಕ್ಷಾಸ್ನಾನದ ಸಂಬಂಧದಿಂದ ತಾಯಿಯ ಸಮ ಆದವರು. ಯಾರದು ಲಗ್ನ ಮುರಿಯಿತು, ಯಾರು ದಪ್ಪಗಾದರು, ಯಾರ ಮಗಳು ತಡವಾಗಿ ಮನೆಗೆ ಬಂದಳು, ಎಲ್ಲ ಅವರಿಗೆ ಬೇಕು. ಎದುರಿಗೇ ಚುಚ್ಚುತ್ತಾರೆ. ತಟ್ಟೆಗೆ ಇನ್ನಷ್ಟು ಬಡಿಸುತ್ತ ಚುಚ್ಚುತ್ತಾರೆ. ಆದರೆ ಪೊಲೀಸರು ಹುಡುಗಿಯ ಮೇಲೆ ಕೈ ಇಟ್ಟಾಗ ಆ ಮೂವರೂ ಊರಿನ ಬಾಯಿಗಳನ್ನೆಲ್ಲ ಕೆದಕಿ ಸುದ್ದಿ ತಂದು ಸುರಿಯುತ್ತಾರೆ. ಚಾಡಿಯೇ ಸಾಕ್ಷ್ಯ ಆಗುತ್ತದೆ. ಇದನ್ನು ಓದುವಾಗ ನಮ್ಮ ಓಣಿಯ ಕಟ್ಟೆ ಕಣ್ಣ ಮುಂದೆ ಬರದಿದ್ದರೆ ಆತ ಈ ಸೀಮೆಯವನಲ್ಲ.

ಒಂದು ಸಣ್ಣ ವಿಷಯ. ಲೈಲಾ ಮಾಡುವ ತಿನಿಸುಗಳಲ್ಲಿ ಕಲಮನ್ಸಿ ಎಂಬ ಹಣ್ಣು ಮತ್ತೆ ಮತ್ತೆ ಬರುತ್ತದೆ. ಫಿಲಿಪ್ಪೀನ್ಸಿನ ಪುಟ್ಟ ಹುಳಿ ನಿಂಬೆ. ದೇಶ ಬಿಟ್ಟು ಹೋದ ಮನೆತನ ತನ್ನ ಗುರುತನ್ನು ಒಂದು ನಿಂಬೆಹಣ್ಣಿನಲ್ಲಿ ಹಿಡಿದಿಟ್ಟುಕೊಂಡಿದೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ನಿಂಬೆ ಅಭಿವೃದ್ಧಿ ಮಂಡಳಿಯೇ ಈ ಊರಲ್ಲಿದೆ. ಆದರೆ ಕನ್ನಡದ ಯಾವ ಕಾದಂಬರಿಯ ನಾಯಕಿ ಇಂಡಿಯ ನಿಂಬೆಯ ಉಪ್ಪಿನಕಾಯಿ ಹಾಕುತ್ತಾಳೆ? ನನಗೆ ಒಬ್ಬಳೂ ನೆನಪಾಗುವುದಿಲ್ಲ.

ಕನ್ನಡದ ಪತ್ತೆದಾರಿಗೆ ಬರೋಣ. ಈ ಸಾಹಿತ್ಯವನ್ನು ನಮ್ಮ ವಿಮರ್ಶಕರು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬಂದರು, ಅದು ಅವರ ತಪ್ಪು. ಎನ್. ನರಸಿಂಹಯ್ಯ ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ, ಬರೆದದ್ದು ಐನೂರಕ್ಕೂ ಮಿಕ್ಕಿದ ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನನ್ನು ಹಿಡಿದುಕೊಂಡು ಓದಲು ಕಲಿತ ಒಂದು ತಲೆಮಾರೇ ಇದೆ. ಎಂ. ರಾಮಮೂರ್ತಿಯವರು ಪತ್ತೆದಾರಿ ಕಾದಂಬರಿಗಳನ್ನು ಬರೆಯುತ್ತಲೇ ಕನ್ನಡದ ಹಳದಿ–ಕೆಂಪು ಬಾವುಟವನ್ನೂ ಕೊಟ್ಟರು. ನವೆಂಬರ್ ಒಂದಕ್ಕೆ ನಾವು ಏರಿಸುವ ಬಾವುಟ ಒಬ್ಬ ಪತ್ತೆದಾರಿ ಕಾದಂಬರಿಕಾರನದು ಎಂದು ಎಷ್ಟು ಮಂದಿ ಭಾಷಣದಲ್ಲಿ ಹೇಳುತ್ತಾರೆ? 'ಬಂಗಾರದ ಮನುಷ್ಯ' ಬರೆದ ಟಿ.ಕೆ. ರಾಮರಾವ್ ಕೂಡ ಪತ್ತೆದಾರಿಯಲ್ಲಿ ಪಳಗಿದ ಕೈ.

ಆದರೆ ಇವರ ಪತ್ತೇದಾರರಿಗೆ ಸಾಮಾನ್ಯವಾಗಿ ಮನೆ ಇಲ್ಲ. ಕಾರಿದೆ, ಟಾರ್ಚಿದೆ, ಒಬ್ಬ ಸಹಾಯಕ ಇದ್ದಾನೆ. ಆತ ಹೊರಗಿನಿಂದ ಬರುತ್ತಾನೆ, ಗುಟ್ಟು ಬಿಚ್ಚುತ್ತಾನೆ, ಹೊರಟುಹೋಗುತ್ತಾನೆ. ಅವನು ಹೋದಮೇಲೆ ಆ ಮನೆಯವರು ಮರುದಿನ ಒಂದೇ ಪಡಸಾಲೆಯಲ್ಲಿ ಹೇಗೆ ಕೂತು ಉಂಡರು ಎನ್ನುವುದು ಕತೆಯ ಲೆಕ್ಕಕ್ಕಿಲ್ಲ. ನನಗೆ ಬೇಕಾದ ಕತೆ ಅಲ್ಲೇ ಶುರುವಾಗುವುದು.

ಈ ಹೊರಗಿನ ಪತ್ತೇದಾರನ ಮಿತಿಯನ್ನು ತೇಜಸ್ವಿ ಚೆನ್ನಾಗಿ ಬಲ್ಲವರಾಗಿದ್ದರು. 1985ರ 'ಚಿದಂಬರ ರಹಸ್ಯ'ದಲ್ಲಿ ಶಾಮನಂದನ ಅಂಗಡಿ ಕೆಸರೂರಿಗೆ ತನಿಖೆಗೆ ಬರುತ್ತಾನೆ. ಒಬ್ಬ ವಿಜ್ಞಾನಿಯ ಸಾವು, ಏಲಕ್ಕಿ ಬೆಳೆಯ ಕುಸಿತ, ಅದರ ಬೆನ್ನು ಹತ್ತಿ ಹೋದರೆ ಊರಿನ ಜಾತಿ, ಪ್ರೇಮ, ದ್ವೇಷ, ಕಾಡುಗಳ್ಳತನ ಎಲ್ಲ ಒಂದಕ್ಕೊಂದು ತೊಡರಿಕೊಂಡಿವೆ. ಪತ್ತೇದಾರನ ಕೈಗೆ ಎಳೆ ಸಿಗುವುದಿಲ್ಲ, ಓದುಗನಿಗೆ ಊರು ಸಿಗುತ್ತದೆ. ಅದು ಮಲೆನಾಡು. ಎರೆಹೊಲದ ನಮಗೆ ಅಲ್ಲಿ ಕಲಿಯಲಿಕ್ಕೆ ಬಹಳ ಇದ್ದರೂ, ಮನೆಯ ಒಳಗೋಡೆ ದಾಟಲಿಕ್ಕೆ ಬೇರೆ ಪುಸ್ತಕ ಬೇಕು.

ಆ ಪುಸ್ತಕ ವಿವೇಕ ಶಾನಭಾಗರ 'ಘಾಚರ್ ಘೋಚರ್', 2013ರದ್ದು. ಇದನ್ನು ಪತ್ತೆದಾರಿ ಎಂದು ನನಗೆ ತಿಳಿದಂತೆ ಯಾರೂ ಕರೆದಿಲ್ಲ. ನಾನು ಇವತ್ತು ಕರೆಯುತ್ತಿದ್ದೇನೆ. ಬೆಂಗಳೂರಿನ ಒಂದು ಕುಟುಂಬ. ಬಡತನದಲ್ಲಿ ಒಬ್ಬರಿಗೊಬ್ಬರು ಆತುಕೊಂಡಿದ್ದವರು, ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರದಿಂದ ಸಿರಿವಂತರಾಗುತ್ತಾರೆ. ಮನೆ ನಡೆಯುವುದು ಚಿಕ್ಕಪ್ಪನ ದುಡ್ಡಿನಿಂದ, ಆದ್ದರಿಂದ ಚಿಕ್ಕಪ್ಪನ ಚಹಾ, ಚಿಕ್ಕಪ್ಪನ ಊಟ, ಚಿಕ್ಕಪ್ಪನ ಮರ್ಜಿ. ಒಂದು ದಿನ ಒಬ್ಬ ಹೆಂಗಸು ಆತನನ್ನು ಹುಡುಕಿಕೊಂಡು ಬಾಗಿಲಿಗೆ ಬರುತ್ತಾಳೆ. ಕೈಯಲ್ಲಿ ಆತನಿಗೆ ಇಷ್ಟವೆಂದು ಮಾಡಿ ತಂದ ಮಸೂರ ಬೇಳೆಯ ಅಡಿಗೆ. ಆತ ಒಳಗೆ ಕೂತಿದ್ದಾನೆ, ಹೊರಗೆ ಬರುವುದಿಲ್ಲ. ಮನೆಯ ಹೆಂಗಸರೇ ಅವಳನ್ನು ಬೈದು ಓಡಿಸುತ್ತಾರೆ, ಅಡಿಗೆ ನೆಲಕ್ಕೆ ಚೆಲ್ಲುತ್ತದೆ. ಅವಳು ಯಾರು ಎಂದು ಮನೆಯಲ್ಲಿ ಒಬ್ಬರೂ ಕೇಳುವುದಿಲ್ಲ. ಕೇಳುವವಳು ಒಬ್ಬಳೇ, ಹೊರಗಿನಿಂದ ಬಂದ ಸೊಸೆ ಅನಿತಾ. ಕತೆಯ ಕೊನೆಗೆ ಅನಿತಾ ಊರಲ್ಲಿಲ್ಲ. ಎಲ್ಲಿದ್ದಾಳೆ, ಏನಾದಳು? ಮನೆಯವರು ಆಡುವ ಮಾತು ಕೇಳುತ್ತ ಹೋದಂತೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ.

ಈಗ ಎರಡು ಮನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಶೇಡಿ ಪಾಮ್ಸಿನ ಮನೆಯಲ್ಲಿ ಒಗ್ಗಟ್ಟು ಇದ್ದದ್ದರಿಂದ ಸತ್ಯ ಹೊರಬಂತು. ಬೆಂಗಳೂರಿನ ಮನೆಯಲ್ಲಿ ಒಗ್ಗಟ್ಟು ಇದ್ದದ್ದರಿಂದಲೇ ಸತ್ಯ ಮುಚ್ಚಿಹೋಯಿತು. ಎರಡೂ ಮನೆಗಳಲ್ಲಿ ಒಟ್ಟಿಗೆ ಉಣ್ಣುತ್ತಾರೆ, ಒಬ್ಬರಿಗಾಗಿ ಒಬ್ಬರು ನಿಲ್ಲುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಮ್ಮ ನಾಲ್ಕು ತಾಲೂಕಿನ ಮನೆತನಗಳು ಯಾವ ಕಡೆಗಿವೆ? ಸಭೆಯಲ್ಲಿ ಇದಕ್ಕೆ ಉತ್ತರ ಹೇಳುವುದು ಕಷ್ಟ. ಮನೆತನದ ಮಾನ ಎಂಬ ಒಂದು ಮಾತಿನ ಕೆಳಗೆ ಇಲ್ಲಿ ಏನೇನು ಹೂತುಹೋಗಿದೆ ಎಂದು ನಿಮಗೂ ಗೊತ್ತು. ಮರ್ಯಾದೆಯ ಹೆಸರಿನಲ್ಲಿ ಮನೆಯವರೇ ಮಕ್ಕಳನ್ನು ಕೊಂದ ಸುದ್ದಿ ನಮ್ಮ ಜಿಲ್ಲೆಯಿಂದಲೂ ಬಂದಿದೆ. ಆಗೆಲ್ಲ ಇಡೀ ಊರಿಗೆ ವಿಷಯ ಗೊತ್ತು, ಆದರೆ ಪಂಚನಾಮೆಗೆ ಸಹಿ ಹಾಕಲು ಪಂಚರು ಸಿಗುವುದಿಲ್ಲ.

ಹಾಗಾದರೆ ನಮ್ಮ ಕತೆಯಲ್ಲಿ ಪತ್ತೆ ಮಾಡುವವರು ಯಾರು? ಗೌಡರಲ್ಲ, ಅವರು ರಾಜಿ ಮಾಡಿಸುವವರು. ಹಿಂದಿನ ಪೊಲೀಸ್ ಪಾಟೀಲರಲ್ಲ, ವಾಲೀಕಾರರೂ ಅಲ್ಲ. ಅತ್ತೆಯೂ ಅಲ್ಲ, ಸೊಸೆಯೂ ಅಲ್ಲ. ಅತ್ತೆಗೆ ಮನೆ ಉಳಿಯಬೇಕು, ಸೊಸೆಗೆ ಬಾಯಿಲ್ಲ. ನನ್ನ ಲೆಕ್ಕದಲ್ಲಿ ಇಲ್ಲಿನ ಪತ್ತೇದಾರಳು ತವರಿಗೆ ಬಂದು ಕುಂತ ಮಗಳು. ಗಂಡ ಬಿಟ್ಟವಳೋ, ಗಂಡನ್ನ ಬಿಟ್ಟವಳೋ, ನಿಶ್ಚಯ ಮುರಿದವಳೋ, ಪುಣೆಯಲ್ಲಿ ಕೆಲಸ ಬಿಟ್ಟು ಬಂದವಳೋ. ಲೈಲಾ ಕೂಡ ಅಂಥವಳೇ.

ಯಾಕೆ ಅವಳು? ಈ ಮನೆಯ ಪ್ರತಿ ಗೂಡು, ಪ್ರತಿ ಮಾಡ ಅವಳಿಗೆ ಗೊತ್ತು, ಹುಟ್ಟಿ ಬೆಳೆದವಳು. ಆದರೆ ಈಗ ಮನೆ ಅವಳದಲ್ಲ. ವೈನಿ ಬಂದಿದ್ದಾಳೆ, ಡಬ್ಬಿಗಳ ಜಾಗ ಬದಲಾಗಿದೆ, ಕೀಲಿಕೈ ಬೇರೆ ಸೆರಗಿನಲ್ಲಿದೆ. ಯಾವುದು ಬದಲಾಗಿದೆ ಎಂದು ಮನೆಯಲ್ಲೇ ಇದ್ದವರಿಗೆ ಕಾಣುವುದಿಲ್ಲ, ಹೊರಗಿನವರಿಗೆ ತಿಳಿಯುವುದಿಲ್ಲ. ಎರಡೂ ಗೊತ್ತಾಗುವುದು ಬಿಟ್ಟುಹೋಗಿ ಮರಳಿ ಬಂದವಳಿಗೆ ಮಾತ್ರ. ಮೇಲಾಗಿ ಅವಳ ಮುಂದೆ ಜನ ಬಾಯಿ ಬಿಡುತ್ತಾರೆ. ಅವಳ ಬಗ್ಗೆ ಹೇಗೂ ಊರೆಲ್ಲ ಮಾತಾಡುತ್ತದೆ, ಹೀಗಾಗಿ ಅವಳನ್ನು ಲೆಕ್ಕಕ್ಕೆ ಹಿಡಿಯುವವರಿಲ್ಲ. ಪತ್ತೇದಾರನಿಗೆ ಇದಕ್ಕಿಂತ ಒಳ್ಳೆಯ ಮರೆ ಬೇಕೇ?

ಇನ್ನೊಂದು ಗಟ್ಟಿ ಕಾರಣ ಇದೆ, ಅದು ಕಾಗದದ ಮೇಲಿದೆ. ಕರ್ನಾಟಕದಲ್ಲಿ 1994ರಿಂದ ಜಾರಿಗೆ ಬಂದ ತಿದ್ದುಪಡಿ, ಆಮೇಲೆ ಇಡೀ ದೇಶಕ್ಕೆ 2005ರ ತಿದ್ದುಪಡಿ, ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಪಾಲು ಕೊಟ್ಟವು. ಕಾನೂನು ಕೊಟ್ಟಿತು, ಮನೆ ಕೊಡಲಿಲ್ಲ. ಅಕ್ಕತಂಗಿಯರನ್ನು ಕರೆಸಿ, ಹೋಳಿಗೆ ಊಟ ಹಾಕಿ, ಇಲಕಲ್ ಸೀರೆ ಉಡಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡಿಸುವುದು ನಮ್ಮ ಊರುಗಳಲ್ಲಿ ಹಬ್ಬದಷ್ಟೇ ಸಹಜ. ಆಲಮಟ್ಟಿ, ನಾರಾಯಣಪುರ ಆಣೆಕಟ್ಟುಗಳ ಹಿನ್ನೀರಿಗೆ ಬಾಗೇವಾಡಿ, ಮುದ್ದೇಬಿಹಾಳ ತಾಲೂಕುಗಳ ಹೊಲಮನೆ ಮುಳುಗಿ ಪರಿಹಾರದ ರೊಕ್ಕ ಬಂದಾಗ ಎಷ್ಟು ಮನೆಗಳಲ್ಲಿ ಇಂಥ ಊಟಗಳು ನಡೆದವು! ಸಹಿ ಹಾಕದೆ ಪೆನ್ನು ಕೆಳಗಿಟ್ಟ ಒಬ್ಬ ತಂಗಿಯನ್ನು ಕಲ್ಪಿಸಿಕೊಳ್ಳಿ. ಅನುಮಾನ ಅವಳ ಮೇಲೂ ಬರುತ್ತದೆ, ಅಪಾಯ ಅವಳಿಗೂ ಇರುತ್ತದೆ. ಒಂದು ಇಡೀ ಕಾದಂಬರಿ ಆ ಪೆನ್ನಿನ ತುದಿಯಲ್ಲಿದೆ.

ಕೊಲೆಯ ಉಪಾಯಕ್ಕೂ ಹೊರಗಿನಿಂದ ಪಾಷಾಣ ತರಿಸಬೇಕಿಲ್ಲ. ಹಗೇವು ನೋಡಿದವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ಹಿರಿಯರು ಕೈ ಎತ್ತುತ್ತಿದ್ದಾರೆ. ಹುಡುಗರಿಗಾಗಿ ಹೇಳುತ್ತೇನೆ. ಡೋಣಿ ಸಾಲಿನ ಬಿಳಿಜೋಳ ಚೆನ್ನಾಗಿ ಬೆಳೆದ ವರ್ಷ ಅದನ್ನು ಚೀಲದಲ್ಲಿಟ್ಟು ಪೂರೈಸುತ್ತಿರಲಿಲ್ಲ. ಅಂಗಳದಲ್ಲೋ ಓಣಿಯ ಮಗ್ಗುಲಲ್ಲೋ ನೆಲದೊಳಗೆ ಆಳವಾಗಿ ತೋಡಿದ ಕಣಜವೇ ಹಗೇವು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೋದಂತೆ ಅಗಲ. ತಳಕ್ಕೂ ಗೋಡೆಗೂ ಹುಲ್ಲು ಕೊಟ್ಟು, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಜೋಳವೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕವನ್ನು ತಾನು ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹುಳುಗಳು ಬದುಕದೆ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುವುದು ಇದೇ ಕಾರಣಕ್ಕೆ. ಅದೇ ಕಾರಣಕ್ಕೆ, ಬಾಯಿ ತೆಗೆದ ಕೂಡಲೇ ಇಳಿದ ಮನುಷ್ಯ ಅಲ್ಲೇ ಉಸಿರುಗಟ್ಟಿ ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಬೀಳುತ್ತಾನೆ. ಅದಕ್ಕೇ ಕಲ್ಲು ಸರಿಸಿ ಬಹಳ ಹೊತ್ತು ಬಿಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ಕಂದೀಲು ಆರಿದರೆ ಇಳಿಯುವಂತಿಲ್ಲ.

ಈಗ ಹೇಳಿ. ಒಂದು ಬೆಳಿಗ್ಗೆ ಮನೆಯ ಹಿರೀಮಗ ಹಗೇವಿನಲ್ಲಿ ಸತ್ತು ಬಿದ್ದಿದ್ದಾನೆ. ಕಂದೀಲು ಮೇಲೆ ಇದೆ. ಇಳಿಸಿ ನೋಡಿದ್ದೆ, ಉರಿಯುತ್ತಿತ್ತು ಎಂದು ತಮ್ಮ ಹೇಳುತ್ತಾನೆ. ಪೊಲೀಸರಿಗೆ ಇದು ಆಕಸ್ಮಿಕ, ಒಂದು ಪುಟದ ವರದಿ. ಆದರೆ ತವರಿಗೆ ಬಂದ ಮಗಳು ಕಂದೀಲಿನ ಗಾಜು ಮುಟ್ಟಿ ನೋಡುತ್ತಾಳೆ. ರಾತ್ರಿ ತಾನೇ ಬೂದಿ ಹಚ್ಚಿ ಒರೆಸಿಟ್ಟ ಗಾಜು ಹಾಗೇ ಬೆಳ್ಳಗಿದೆ, ಮಸಿಯ ಒಂದು ಗೆರೆ ಇಲ್ಲ. ಕಂದೀಲು ಹಚ್ಚಿಯೇ ಇಲ್ಲ. ಇದನ್ನು ಗುರುತಿಸಲು ಷರ್ಲಾಕ್ ಹೋಮ್ಸ್ ಬೇಕಿಲ್ಲ, ದಿನಾ ಕಂದೀಲು ಒರೆಸಿದ ಕೈ ಬೇಕು. ಅಷ್ಟೇ ಅಲ್ಲ, ಇಳಿಯುವ ಮುನ್ನ ತಡೆದು ನಿಲ್ಲಬೇಕು ಎಂಬ ಮಾತು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಗೊತ್ತಿದ್ದೂ ಅವಸರ ಮಾಡಿಸಿದವರು ಯಾರು? ಬೀಗರು ಬರುತ್ತಾರೆ, ಬೇಗ ಜೋಳ ತೆಗೆ ಎಂದವರು ಯಾರು? ಹಾಗೆ ಅಂದವಳು ಅವ್ವನೇ ಆಗಿದ್ದರೆ? ಅಲ್ಲಿಗೆ ಕತೆ ಪೊಲೀಸ್ ಠಾಣೆಯಿಂದ ಒಲೆಯ ಮುಂದಕ್ಕೆ ಬಂತು.

ಉಳಿದ ಸಾಮಗ್ರಿಯೂ ಮನೆಯಲ್ಲೇ ಇದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಇಡೀ ಬಂಧುಬಳಗ ಒಂದೇ ಹೊಲದಲ್ಲಿ ಕೂತು ಉಣ್ಣುತ್ತದೆ. ಸಜ್ಜಿ ರೊಟ್ಟಿ, ಬಜ್ಜಿ, ಕಡಬು, ಶೇಂಗಾ ಹಿಂಡಿ, ಪುಂಡಿಪಲ್ಯ, ಮಾದಲಿ. ಯಾರ ಬುತ್ತಿ ಯಾರ ಗಂಟಿನಿಂದ ಬಿಚ್ಚಿತು, ಯಾರು ಉಣ್ಣಲಿಲ್ಲ, ಯಾರು ಎದ್ದು ಹೋದರು ಎಂದು ಹೆಂಗಸರಿಗೆ ವರ್ಷದ ನಂತರವೂ ನೆನಪಿರುತ್ತದೆ. ಸಾಕ್ಷಿಗಳ ಪಟ್ಟಿ ಇದಕ್ಕಿಂತ ಚೆನ್ನಾಗಿ ಯಾವ ಠಾಣೆಯಲ್ಲೂ ಸಿಗದು. ನಿಂಬೆ ವ್ಯಾಪಾರದಲ್ಲಿ ಸಾವಿರ ಹಣ್ಣಿನ ಡಾಗದ ಲೆಕ್ಕ ತಪ್ಪಿದರೆ ದಲಾಲಿಗಿಂತ ಮೊದಲು ಗೊತ್ತಾಗುವುದು ಹಣ್ಣು ಆರಿಸಿದ ಹೆಂಗಸರಿಗೆ.

ಮನನ್ಸಾಲಾ ಅವರ ಕತೆಯ ಕುಟುಂಬ ವಲಸೆ ಬಂದದ್ದು. ಹೊರಗಿನವರು ಎಂಬ ಕಾರಣಕ್ಕೇ ಅವರ ಮೇಲೆ ಕಣ್ಣು ಬೇಗ ಬೀಳುತ್ತದೆ. ನಮ್ಮವರ ಅಮೆರಿಕ ಎಲ್ಲಿದೆ? ಗೋವಾದಲ್ಲಿದೆ, ವಾಸ್ಕೋದ ಬೈನಾದಲ್ಲಿ, ಝುವಾರಿನಗರದಲ್ಲಿ. ಪುಣೆಯ ಕಟ್ಟಡಗಳ ಮೇಲಿದೆ, ಸಾಂಗ್ಲಿಯ ಕಬ್ಬಿನ ಗದ್ದೆಯಲ್ಲಿದೆ. ಈ ನಾಲ್ಕು ತಾಲೂಕುಗಳಿಂದ ತಲೆಮಾರುಗಳಿಂದ ಹೋದವರು ಅಲ್ಲಿ ಓಣಿಗಳನ್ನೇ ಕಟ್ಟಿಕೊಂಡಿದ್ದಾರೆ, ಯಲ್ಲಮ್ಮನ ಗುಡಿಯನ್ನೂ ಕಟ್ಟಿಕೊಂಡಿದ್ದಾರೆ. ಗೋವಾದಲ್ಲಿ ನಮ್ಮವರನ್ನು ಘಾಟಿ ಎನ್ನುತ್ತಾರೆ. ಎಲ್ಲಾದರೂ ಕಳುವಾದರೆ ಮೊದಲು ಹುಡುಕುವುದು ಘಾಟಿಗಳ ಓಣಿಯಲ್ಲಿ. ಬೈನಾದ ಒಂದು ಖಾನಾವಳಿ, ರೊಟ್ಟಿ ಬಡಿಯುವ ಸಿಂದಗಿ ಕಡೆಯ ಒಬ್ಬ ಅತ್ತಿ, ಊಟ ಮಾಡುತ್ತ ಕುಸಿದ ಒಬ್ಬ ಸ್ಥಳೀಯ ಗಿರಾಕಿ. ಇಂಥ ಕತೆ ಬರೆದರೆ ಅದು ಮನನ್ಸಾಲಾರ ನಕಲು ಆಗುವುದಿಲ್ಲ, ನಮ್ಮ ಜನರ ದಿನಚರಿ ಆಗುತ್ತದೆ. ಅನುಮಾನದ ಎದುರು ನಿಂತು ತಾವೇ ಲೆಕ್ಕ ಒಪ್ಪಿಸಬೇಕಾದ ಪಾಡು ನಮಗೆ ಹಳೆಯದು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಮೇಲೇ ಕೊಂಡಿ ಮಂಚಣ್ಣ ಭಂಡಾರದ ಹಣದ ಚಾಡಿ ಹೇಳಿದ, ಬಿಜ್ಜಳ ಲೆಕ್ಕ ನೋಡಿದ, ಒಂದು ಕಾಸೂ ಕಡಿಮೆ ಬರಲಿಲ್ಲ ಎನ್ನುವ ಪುರಾಣ ನಾವು ಕೇಳುತ್ತಲೇ ಬೆಳೆದದ್ದು.

ಇಲ್ಲಿ ಒಂದು ಎಚ್ಚರದ ಮಾತು. ಕೊಲೆಯನ್ನು ಊಟ, ಹರಟೆ, ನಗುವಿನ ನಡುವೆ ಇಟ್ಟು ಬರೆಯುವುದು ಸರಿಯೇ ಎಂಬ ಪ್ರಶ್ನೆ ಇದ್ದೇ ಇದೆ. ಸಿಂದಗಿ ತಾಲೂಕಿನ ಮಣ್ಣಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಶಾಸನ, ಹಸ್ತಪ್ರತಿಗಳ ಸಣ್ಣ ಸುಳಿವು ಹಿಡಿದು ನೂರಾರು ವರ್ಷಗಳ ಹಿಂದಿನ ಸತ್ಯ ಪತ್ತೆ ಮಾಡಿದ ಮನುಷ್ಯ ಅವರು. 'ಮಾರ್ಗ' ಸಂಪುಟಗಳನ್ನು ಓದಿದವರಿಗೆ ಆ ಪತ್ತೆದಾರಿಯ ರುಚಿ ಗೊತ್ತು. ಅಂಥ ಸಾವನ್ನು ಯಾವ ಕತೆಯೂ ಹಗುರ ಮಾಡಬಾರದು. ಮನೆಮಂದಿಯ ಪತ್ತೆದಾರಿ ಎಲ್ಲ ಸಾವಿಗೂ ಹೊಂದುವ ಅಂಗಿಯಲ್ಲ. ಸೈದ್ಧಾಂತಿಕ ಕೊಲೆಗೆ, ಜಾತಿಯ ಕೊಲೆಗೆ ಬೇರೆ ಬರವಣಿಗೆ ಬೇಕು, ಅದನ್ನು ಬರೆಯುವ ಎದೆಗಾರಿಕೆಯೂ ಬೇಕು. ಆದರೆ ಮನೆಯೊಳಗಿನ ಗುಟ್ಟು, ಆಸ್ತಿಯ ಆಸೆ, ಮಾನದ ಹೆಸರಿನ ಮೌನ ಇವುಗಳನ್ನು ಹಿಡಿಯಲು ಇದರಷ್ಟು ಸೂಕ್ಷ್ಮವಾದ ಬಲೆ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ.

ಕೊನೆಗೆ ಧ್ವನಿಯ ಮಾತು. ಈ ಮಗಳು ಯಾವ ದನಿಯಲ್ಲಿ ಕತೆ ಹೇಳಬೇಕು? ಅದನ್ನು ಹುಡುಕಲು ದೂರ ಹೋಗಬೇಕಿಲ್ಲ. ಆಗ ಇಂಡಿ ತಾಲೂಕಿನಲ್ಲಿದ್ದ, ಈಗ ಚಡಚಣ ತಾಲೂಕಿಗೆ ಸೇರಿದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಈ ಗೆಳೆಯರು ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. ನಾವು ಅದನ್ನು ತವರಿನ ಪ್ರೀತಿಯ ಹಾಡು ಎಂದಷ್ಟೇ ಪಾಠ ಮಾಡಿ ಮುಗಿಸಿದೆವು. ಮತ್ತೊಮ್ಮೆ ಓದಿ. ಅಣ್ಣನ ಹೆಂಡತಿಯ ಮುಖ ಹೇಗೆ ಬದಲಾಯಿತು, ಯಾರು ಬಾ ಅಂದರು, ಯಾರು ಅನ್ನಲಿಲ್ಲ, ಅವ್ವ ಇಲ್ಲದ ತವರಿನ ಅಂಗಳ ಹೇಗೆ ಕಾಣುತ್ತದೆ, ಎಲ್ಲವನ್ನೂ ಹಾಡುವ ಗರತಿಯ ಕಣ್ಣು ಕಂಡಿದೆ. ಆ ಗರತಿಗೆ ಹಾಡಲು ಅವಕಾಶ ಇತ್ತು, ಪ್ರಶ್ನೆ ಕೇಳಲು ಇರಲಿಲ್ಲ. ಅವಳ ಮರಿಮೊಮ್ಮಗಳಿಗೆ ಪ್ರಶ್ನೆ ಕೇಳುವ ಅವಕಾಶ ಕೊಟ್ಟರೆ ಅದೇ ನಾನು ಹೇಳುತ್ತಿರುವ ಕಾದಂಬರಿ.

ಹಿಂದಿನ ಸಾಲುಗಳಲ್ಲಿ ಕೂತಿರುವ ಕಾಲೇಜಿನ ಹೆಣ್ಣುಮಕ್ಕಳಲ್ಲಿ ನನ್ನ ವಿನಂತಿ ಇಷ್ಟೇ. ಬರೆಯಿರಿ. ನಿಮ್ಮೂರಿನ ಮಾತಿನಲ್ಲೇ ಬರೆಯಿರಿ, 'ಏನ್ರಿ ವೈನಿ' ಎನ್ನುವುದನ್ನು ತಿದ್ದಿ ಬೆಂಗಳೂರಿನ ಕನ್ನಡ ಮಾಡಬೇಡಿ. ನಿಜವಾದ ಮನೆಯ ಹೆಸರು ಹಾಕಬೇಡಿ, ಊರಿನ ಹೆಸರು ಬದಲಿಸಿ, ಆದರೆ ಹಗೇವು ಹಗೇವಾಗಿಯೇ ಇರಲಿ. ತಪ್ಪಿತಸ್ಥ ಮನೆಯವನೇ ಆದರೆ ಹಾಗೆಂದೇ ಬರೆಯಿರಿ, ಕೊನೆಯ ಅಧ್ಯಾಯದಲ್ಲಿ ಹೊರಗಿನವನೊಬ್ಬನನ್ನು ತಂದು ಅವನ ಕೊರಳಿಗೆ ಕಟ್ಟಬೇಡಿ. ಪತ್ತೆ ಮಾಡಿದ ಹುಡುಗಿಗೆ ಬಹುಮಾನವಾಗಿ ಮದುವೆ ಮಾಡಿ ಕಳಿಸಬೇಡಿ, ಅವಳ ಪಾಲಿನ ಹೊಲ ಅವಳ ಹೆಸರಿಗೆ ಆಗಲಿ. ಹಸ್ತಪ್ರತಿ ಪೂರ್ತಿಯಾದರೆ ತಾಲೂಕು ಸಾಹಿತ್ಯ ಪರಿಷತ್ತಿನವರ ಕೈಗೆ ತಂದುಕೊಡಿ, ಅಚ್ಚು ಮಾಡಿಸುವ ಹೊಣೆಯನ್ನು ಇಲ್ಲಿ ಕೂತಿರುವ ಹಿರಿಯರು ಹೊರಬೇಕು, ಅದಕ್ಕಾಗಿ ಅವರನ್ನು ಬಹಿರಂಗವಾಗಿಯೇ ಕೇಳಿಕೊಳ್ಳುತ್ತೇನೆ.